ಗ್ರಾಫೀನ್ ಅಂಚಿನ ಮೇಲೆ ಲೇಸರ್ ಬಿಟ್ಟಾಗ

"ಅಂಚಿನ ಹತ್ತಿರ ಹೋಗಬೇಡ, ನಡುವೆ ಅಳತೆ ತಗೋ." ಲೇಸರ್ ಬಿಟ್ಟು ವಾಪಸ್ ಬರುವ ಬೆಳಕಿನ ಬಣ್ಣ ಅಳೆಯುವ ರಾಮನ್ ಮೈಕ್ರೋಸ್ಕೋಪ್ ಮುಂದೆ ಹೊಸದಾಗಿ ಕೂತವರಿಗೆಲ್ಲ ಈ ಬುದ್ಧಿಮಾತು ಸಿಕ್ಕೇ ಸಿಗುತ್ತದೆ. ನನಗೂ ಹೀಗೇ ಹೇಳಿಕೊಟ್ಟಿದ್ದರು. ಮಾತು ತಪ್ಪೇನಲ್ಲ. ಗ್ರಾಫೀನ್ (ಒಂದೇ ಪರಮಾಣು ದಪ್ಪದ ಕಾರ್ಬನ್ ಹಾಳೆ) ಚೂರು ಚೆನ್ನಾಗಿದೆಯಾ ಇಲ್ಲವಾ ಅಂತ ತಿಳಿಯಬೇಕಾದರೆ ನಡುಭಾಗ ನೋಡುವುದೇ ಸರಿ. ಆದರೆ ಇದನ್ನೇ ಕೇಳಿ ಕೇಳಿ, ಅಂಚು ಅಂದರೆ ಅಳತೆ ಕೆಡಿಸುವ ಜಾಗ ಅನ್ನುವ ಭಾವನೆ ಮನಸ್ಸಿನಲ್ಲಿ ಕೂತುಬಿಡುತ್ತದೆ. ನನ್ನ ತಕರಾರು ಇರುವುದು ಅಲ್ಲಿ.

ನಾನು ದಿನವೂ ಮಾಡುವ ಕೆಲಸ ಇದೇ. ಇಷ್ಟಗಲದ ಚೂರುಗಳ ಮೇಲೆ ಬೆಳಕು ಬಿಡುವುದು, ಏನು ವಾಪಸ್ ಬರುತ್ತದೆ ಅಂತ ನೋಡುವುದು. ನನಗೆ ಕಂಡ ಮಟ್ಟಿಗೆ, ಒಂದೇ ಪರಮಾಣು ದಪ್ಪದ ಹಾಳೆಯಲ್ಲಿ ಬೆಳಕು ಅತಿ ಹೆಚ್ಚು ವಿಷಯ ಹೊತ್ತು ತರುವುದು ಅಂಚಿನಿಂದಲೇ. ನಡುಭಾಗದಲ್ಲಿ ಬೆಳಕಿನ ಮೇಲೆ ಒಂದು ಕಟ್ಟಳೆ ಇರುತ್ತದೆ. ಅಂಚಿನಲ್ಲಿ ಆ ಕಟ್ಟಳೆ ಅರ್ಧ ಸಡಿಲವಾಗುತ್ತದೆ. ಪೂರ್ತಿ ಅಲ್ಲ, ಅರ್ಧ ಮಾತ್ರ. ಅಂಚಿನಲ್ಲಿ ಕಾಣುವ ಬಹಳಷ್ಟು ವಿಚಿತ್ರಗಳಿಗೆ ಈ ಅರ್ಧ ಸಡಿಲಿಕೆಯೇ ಕಾರಣ.

ಮೊದಲು ಅಳತೆಗಳ ಅಂದಾಜು ಇರಲಿ. ಗ್ರಾಫೀನ್ ಅಂದರೆ ಕಾರ್ಬನ್ ಪರಮಾಣುಗಳ ಒಂದೇ ಪದರ, ಜೇನುಗೂಡಿನ ಆಕಾರದ ಜಾಲ. ಅಕ್ಕಪಕ್ಕದ ಪರಮಾಣುಗಳ ನಡುವೆ 0.142 ನ್ಯಾನೋಮೀಟರ್. ದಪ್ಪ ಸುಮಾರು 0.335 ನ್ಯಾನೋಮೀಟರ್. ನಾನು ಜಾಸ್ತಿ ಬಳಸುವ ಹಸಿರು ಲೇಸರಿನ ಅಲೆಯುದ್ದ 532 ನ್ಯಾನೋಮೀಟರ್. ಅಂದರೆ ಹಾಳೆಯ ದಪ್ಪಕ್ಕಿಂತ ಸುಮಾರು 1600 ಪಟ್ಟು ದೊಡ್ಡದು. ಇಷ್ಟು ತೆಳುವಾದ ಹಾಳೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡಾ 2.3ರಷ್ಟನ್ನು ಹೀರಿಕೊಳ್ಳುತ್ತದೆ. ಪ್ರತಿಫಲಿಸುವುದು ಅದಕ್ಕಿಂತ ತೀರಾ ಕಡಿಮೆ. 2004ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಆಂಡ್ರೆ ಗೈಮ್, ಕಾನ್‌ಸ್ಟಂಟಿನ್ ನೊವೊಸೆಲೊವ್ ಮತ್ತು ಅವರ ತಂಡದವರು ಅಂಟು ಟೇಪಿನಿಂದ ಗ್ರಾಫೈಟ್ ಸುಲಿದು ಈ ಪದರವನ್ನು ಗುರುತಿಸಲು ಸಾಧ್ಯವಾಗಿದ್ದರಲ್ಲಿ, ಅದನ್ನು ಇಟ್ಟ ಸಿಲಿಕಾನ್ ತುಂಡಿಗೂ ಪಾಲಿದೆ. ಅದರ ಮೇಲೆ ಸುಮಾರು 300 ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಇದ್ದರೆ, ಒಳಗಿಂದ ಹಿಂತಿರುಗುವ ಬೆಳಕು ಹಾಳೆಯ ಬಣ್ಣವನ್ನು ಕಣ್ಣಿಗೆ ಗೊತ್ತಾಗುವಷ್ಟು ಬದಲಿಸುತ್ತದೆ.

ಈಗ ಕಟ್ಟಳೆಯ ವಿಷಯ. ಬೆಳಕು ಹಾಳೆಗೆ ಬಡಿದಾಗ ಪ್ರತಿ ಪರಮಾಣುವಿನ ಸುತ್ತಲಿನ ಎಲೆಕ್ಟ್ರಾನ್‌ಗಳು ಅಲುಗಾಡುತ್ತವೆ. ಅಲುಗಾಡುವ ಎಲೆಕ್ಟ್ರಾನ್ ತಾನೂ ಬೆಳಕು ಸೂಸುತ್ತದೆ, ಅದೂ ಹೆಚ್ಚುಕಡಿಮೆ ಎಲ್ಲ ದಿಕ್ಕಿಗೆ. ಹಾಗಿದ್ದ ಮೇಲೆ ಹಾಳೆಯ ನಡುಭಾಗ ಎಲ್ಲ ಕಡೆಯಿಂದಲೂ ಹೊಳೆಯಬೇಕಿತ್ತು, ಅಲ್ವಾ? ಹೊಳೆಯುವುದಿಲ್ಲ. ಎರಡೇ ದಿಕ್ಕು: ನೇರ ದಾಟಿ ಹೋಗುವುದು, ಕನ್ನಡಿಯಲ್ಲಿ ಆದಂತೆ ವಾಪಸ್ ಬರುವುದು. ಉಳಿದ ಎಲ್ಲ ದಿಕ್ಕಿನಲ್ಲೂ ಒಂದು ಪರಮಾಣುವಿನ ಅಲೆಯನ್ನು ಇನ್ನೊಂದರ ಅಲೆ ಅಳಿಸಿಹಾಕುತ್ತದೆ. ಭೌತಶಾಸ್ತ್ರದವರು ಇದನ್ನೇ ಹೀಗೆ ಹೇಳುತ್ತಾರೆ: ಹಾಳೆ ಎಲ್ಲ ಕಡೆ ಒಂದೇ ಥರ ಇದ್ದರೆ, ಹಾಳೆಯ ಸಮತಲದಲ್ಲಿ ಬೆಳಕಿಗೆ ಇರುವ ಸಂವೇಗ ಬದಲಾಗುವ ಹಾಗಿಲ್ಲ.

ಅಂಚಿನಲ್ಲಿ ಏನಾಗುತ್ತದೆ? ಹಗ್ಗ ಜಗ್ಗಾಟದಲ್ಲಿ ಒಂದು ಕಡೆಯವರು ಕೈಬಿಟ್ಟ ಹಾಗೆ. ಅಂಚಿನ ಪರಮಾಣುಗಳ ಅಲೆಯನ್ನು ಅಳಿಸಬೇಕಾದ ಪಕ್ಕದವರು ಆ ಕಡೆ ಇಲ್ಲವೇ ಇಲ್ಲ. ಅಳಿಯದೆ ಉಳಿದ ಅಲೆ ಹೊರಗೆ ಬರುತ್ತದೆ. ಅಂಚೇ ಒಂದು ದೀಪ ಆದಂತೆ ಕಾಣುವುದು ಇದರಿಂದ. 19ನೇ ಶತಮಾನದ ಶುರುವಿನಲ್ಲೇ ಥಾಮಸ್ ಯಂಗ್ ಹೀಗೆ ಯೋಚಿಸಿದ್ದರು: ನೆರಳಿನ ಅಂಚಿನಲ್ಲಿ ಕಾಣುವ ಪಟ್ಟೆಗಳು, ನೇರ ಬಂದ ಬೆಳಕು ಮತ್ತು ಅಂಚಿನಿಂದ ಹೊರಟ ಬೆಳಕು ಸೇರಿ ಆದದ್ದು ಅಂತ. 1896ರಲ್ಲಿ ಆರ್ನಾಲ್ಡ್ ಸೊಮರ್‌ಫೆಲ್ಡ್ ಇದರ ಗಣಿತವನ್ನು ಪೂರ್ತಿಯಾಗಿ ಬಿಡಿಸಿದರು. ಅವರು ತೆಗೆದುಕೊಂಡ ಹಾಳೆ ಹೇಗಿತ್ತು ಗೊತ್ತಾ? ಒಂದು ಕಡೆ ನೇರ ಅಂಚು, ಇನ್ನೊಂದು ಕಡೆ ಕೊನೆಯೇ ಇಲ್ಲ. ಪರಿಪೂರ್ಣ ವಾಹಕ. ದಪ್ಪ ಸೊನ್ನೆ. ಲೆಕ್ಕಕ್ಕೆ ಅನುಕೂಲ ಅಂತ ದಪ್ಪವೇ ಇಲ್ಲದ ಹಾಳೆಯನ್ನು ಅವರು ಕಲ್ಪಿಸಿಕೊಂಡರು. ನೂರು ವರ್ಷ ದಾಟಿದ ಮೇಲೆ ಹೆಚ್ಚುಕಡಿಮೆ ಅಂಥದ್ದೇ ಹಾಳೆ ನಮ್ಮ ಮೈಕ್ರೋಸ್ಕೋಪಿನ ಕೆಳಗೆ ಇದೆ. ಇದನ್ನು ನೆನೆದಾಗಲೆಲ್ಲ ನನಗೆ ನಿಜವಾಗಲೂ ಖುಷಿಯಾಗುತ್ತದೆ. ಗ್ರಾಫೀನ್ ಪರಿಪೂರ್ಣ ವಾಹಕ ಅಲ್ಲ, ಬಿದ್ದ ಬೆಳಕಿನ ಬಹುಪಾಲನ್ನು ದಾಟಲು ಬಿಡುವ ಹಾಳೆ ಅದು. ಹಾಗಾಗಿ ಅಂಚಿನ ಅಲೆ ತುಂಬ ಮಂದ. ಆದರೆ ಇದೆ.

ಅರ್ಧ ಸಡಿಲಿಕೆ ಅಂದೆನಲ್ಲ, ಅದನ್ನು ಕಣ್ಣಾರೆ ನೋಡಬಹುದು. ಡಾರ್ಕ್ ಫೀಲ್ಡ್ ಇರುವ ಮೈಕ್ರೋಸ್ಕೋಪ್ ಸಾಕು. ಡಾರ್ಕ್ ಫೀಲ್ಡಿನಲ್ಲಿ ಬೆಳಕು ಲೆನ್ಸಿನ ಸುತ್ತಲಿನ ಉಂಗುರದಿಂದ ಓರೆಯಾಗಿ ಬೀಳುತ್ತದೆ. ಮಟ್ಟಸವಾದ ಜಾಗದಿಂದ ಪ್ರತಿಫಲಿಸಿದ ಬೆಳಕು ಅಷ್ಟೇ ಓರೆಯಾಗಿ ಆಚೆ ಹೊರಟುಹೋಗುತ್ತದೆ, ಲೆನ್ಸಿಗೆ ಸಿಗುವುದಿಲ್ಲ. ಹಾಗಾಗಿ ಎಲ್ಲ ಕಪ್ಪು. ಚದುರಿದ ಬೆಳಕು ಮಾತ್ರ ಒಳಗೆ ಬರುತ್ತದೆ. ಕೆಲವು ಪದರ ದಪ್ಪದ ಬೋರಾನ್ ನೈಟ್ರೈಡ್ ಚೂರನ್ನು ಇಟ್ಟು ನೋಡಿ. ಅದು ಗಾಜಿನಂತೆ ಪಾರದರ್ಶಕ, ಮಾಮೂಲಿ ಬೆಳಕಿನಲ್ಲಿ ಹುಡುಕಿದರೂ ಸರಿಯಾಗಿ ಕಾಣುವುದಿಲ್ಲ. ಡಾರ್ಕ್ ಫೀಲ್ಡಿಗೆ ಬದಲಿಸಿದ ಕೂಡಲೇ ಅಂಚುಗಳು ಮಾತ್ರ ಬೆಳ್ಳಿ ಗೆರೆ ಎಳೆದ ಹಾಗೆ ಎದ್ದು ಬರುತ್ತವೆ. ಪದರದಿಂದ ಪದರಕ್ಕೆ ಇಳಿಯುವ ಮೆಟ್ಟಿಲುಗಳೂ ಕಾಣುತ್ತವೆ.

ಈಗ ಆ ಉಂಗುರದ ಬೆಳಕನ್ನು ಒಂದು ಕಡೆ ಮಾತ್ರ ಬಿಟ್ಟು ಉಳಿದದ್ದನ್ನು ಮುಚ್ಚಿ. ಎಡಗಡೆಯಿಂದ ಮಾತ್ರ ಬೆಳಕು ಬೀಳುತ್ತಿದೆ ಅಂತಿಟ್ಟುಕೊಳ್ಳಿ. ಮೇಲಿಂದ ಕೆಳಗೆ ಹೋಗುವ ಅಂಚುಗಳು ಹಾಗೇ ಹೊಳೆಯುತ್ತಿರುತ್ತವೆ. ಎಡದಿಂದ ಬಲಕ್ಕೆ ಹೋಗುವ ಅಂಚುಗಳು ಮಾಯ! ಚೂರು ಅದೇ, ಅಂಚೂ ಅದೇ, ಆದರೂ ಅರ್ಧ ಚಿತ್ರ ಕಾಣೆ. ಕಾರಣ ಇಷ್ಟು. ನೇರವಾದ ಅಂಚು ಬೆಳಕಿನ ಸಂವೇಗವನ್ನು ತನಗೆ ಅಡ್ಡವಾಗಿ ಮಾತ್ರ ಬದಲಿಸಬಲ್ಲದು. ತನ್ನ ಉದ್ದಕ್ಕೆ ಬದಲಿಸಲಾರದು, ಯಾಕೆಂದರೆ ಆ ದಿಕ್ಕಿನಲ್ಲಿ ಎಲ್ಲ ಇನ್ನೂ ಒಂದೇ ಥರ ಇದೆ. ಎಡದಿಂದ ಓರೆಯಾಗಿ ಬಂದ ಬೆಳಕು ಲೆನ್ಸಿನೊಳಗೆ ಬರಬೇಕಾದರೆ ತನ್ನ ಎಡ-ಬಲದ ಸಂವೇಗವನ್ನು ಕಳೆದುಕೊಳ್ಳಬೇಕು. ಎಡ-ಬಲ ಹೋಗುವ ಅಂಚಿನ ಕೈಯಲ್ಲಿ ಅದು ಆಗದ ಕೆಲಸ. ನಮ್ಮಲ್ಲಿಗೆ ಬರುವ ಹೊಸಬರಿಗೆ ನಾನು ಮೊದಲು ತೋರಿಸುವುದು ಇದನ್ನೇ. ಉಳಿದ ವಿಷಯಕ್ಕೆಲ್ಲ ಇದು ಬುನಾದಿ.

ಡಾರ್ಕ್ ಫೀಲ್ಡಿಗೆ ಒಂದು ಮಿತಿ ಇದೆ. ಚದುರುವ ಅಲೆಯ ಎತ್ತರ ಹಾಳೆಯ ದಪ್ಪಕ್ಕೆ ತಕ್ಕಂತೆ. ಬೆಳಕಿನ ತೀವ್ರತೆ ಅದರ ವರ್ಗಕ್ಕೆ ತಕ್ಕಂತೆ. ಅಂದರೆ ಹತ್ತು ಪದರದ ಅಂಚು ಒಂದು ಪದರದ ಅಂಚಿಗಿಂತ ಸುಮಾರು ನೂರು ಪಟ್ಟು ಹೊಳೆಯುತ್ತದೆ. ಒಂದು ಪದರದ ಅಂಚಿನ ಪಕ್ಕದಲ್ಲಿ ಒಂದು ಧೂಳಿನ ಕಣವೋ ಟೇಪಿನ ಅಂಟೋ ಕೂತಿದ್ದರೆ ಮುಗಿಯಿತು, ಕಾಣುವುದು ಅದೊಂದೇ.

ಇಲ್ಲಿಯವರೆಗೆ ಹೇಳಿದ್ದು ಬಣ್ಣ ಬದಲಾಗದೆ ಚದುರುವ ಬೆಳಕು. ನಿಜವಾದ ಸ್ವಾರಸ್ಯ ಇರುವುದು ಬಣ್ಣ ಬದಲಾಗಿ ಬರುವ ಬೆಳಕಿನಲ್ಲಿ. ಅದೇ ರಾಮನ್ ಚದುರಿಕೆ. ಫೋಟಾನ್ ಒಳಗೆ ಬಂದು ಪರಮಾಣುಗಳ ಜಾಲದಲ್ಲಿ ಒಂದು ಕಂಪನವನ್ನು, ಅಂದರೆ ಒಂದು ಫೋನಾನನ್ನು, ಹುಟ್ಟಿಸಿ, ಅಷ್ಟು ಶಕ್ತಿ ಕಳೆದುಕೊಂಡು ಹೊರಗೆ ಬರುತ್ತದೆ. ಗ್ರಾಫೀನ್ ಮೇಲೆ 532 ನ್ಯಾನೋಮೀಟರ್ ಲೇಸರ್ ಬಿಟ್ಟರೆ ಹೊರಬಂದ ಬೆಳಕಿನ ಗ್ರಾಫಿನಲ್ಲಿ ಮುಖ್ಯವಾಗಿ ಮೂರು ಪೀಕ್, ಅಂದರೆ ಶಿಖರಗಳು. ಸುಮಾರು 1350 ವೇವ್‌ನಂಬರ್ (ಬೆಳಕು ಕಳೆದುಕೊಂಡ ಶಕ್ತಿಯ ಅಳತೆ) ಹತ್ತಿರ ಡಿ ಪೀಕ್, 1580ರ ಹತ್ತಿರ ಜಿ ಪೀಕ್, 2680ರ ಹತ್ತಿರ 2ಡಿ ಪೀಕ್. ಅಲೆಯುದ್ದದಲ್ಲಿ ಹೇಳಿದರೆ 573, 581, 620 ನ್ಯಾನೋಮೀಟರ್. ಹಸಿರು ಒಳಗೆ ಹೋಗುತ್ತದೆ, ಹಳದಿಯಿಂದ ಕಿತ್ತಳೆವರೆಗಿನ ಬೆಳಕು ಹೊರಗೆ ಬರುತ್ತದೆ.

ಒಳ್ಳೆಯ ಚೂರಿನ ನಡುಭಾಗದಲ್ಲಿ ಜಿ ಇರುತ್ತದೆ, 2ಡಿ ಇರುತ್ತದೆ. ಡಿ ಇರುವುದಿಲ್ಲ. ಮೆಲ್ಲಗೆ ಅಂಚಿನ ಕಡೆ ಸರಿಯುತ್ತ ಹೋಗಿ. ಡಿ ತಲೆ ಎತ್ತುತ್ತದೆ. ಇನ್ನೂ ಆಚೆ ಸರಿದು ಚೂರಿನಿಂದ ಪೂರ್ತಿ ಹೊರಗೆ ಬಂದರೆ ಎಲ್ಲ ಮಾಯ. "ಮೇಡಂ, ಡಿ ಬಂದುಬಿಟ್ಟಿದೆ, ಸ್ಯಾಂಪಲ್ ಹಾಳಾಗಿದೆ ಅನ್ಸತ್ತೆ" ಅಂತ ಹೊಸ ಹುಡುಗರು ಮುಖ ಸಣ್ಣ ಮಾಡಿಕೊಂಡು ಬರುತ್ತಾರೆ. "ಎಲ್ಲಿ ಅಳೆದೆ?" ಅಂದರೆ ಅಂಚಿನಲ್ಲಿ. ಅಲ್ಲಿ ಡಿ ಬರದಿದ್ದರೇ ವಿಶೇಷ!

ಯಾಕೆ ಹೀಗೆ? ಮತ್ತೆ ಅದೇ ಸಂವೇಗದ ಲೆಕ್ಕ. ಗ್ರಾಫೀನಿನ ಎಲೆಕ್ಟ್ರಾನ್‌ಗಳು ಬೆಳಕಿನ ಜೊತೆ ವ್ಯವಹರಿಸುವುದು ಸಂವೇಗದ ನಕ್ಷೆಯ ಎರಡು ತಾಣಗಳ ಸುತ್ತ. ಅವಕ್ಕೆ ಕೆ ಮತ್ತು ಕೆ-ಪ್ರೈಮ್ ಕಣಿವೆಗಳು ಅನ್ನುತ್ತಾರೆ. ಡಿ ಪೀಕಿಗೆ ಕಾರಣವಾದ ಫೋನಾನ್ ಒಂದು ಎಲೆಕ್ಟ್ರಾನನ್ನು ಒಂದು ಕಣಿವೆಯಿಂದ ಇನ್ನೊಂದಕ್ಕೆ ಎಸೆಯುತ್ತದೆ. ಈ ಎರಡರ ನಡುವಿನ ಸಂವೇಗದ ಅಂತರ ಹಸಿರು ಫೋಟಾನಿನ ಸಂವೇಗಕ್ಕಿಂತ ಸುಮಾರು 1400 ಪಟ್ಟು ದೊಡ್ಡದು. ಬೆಳಕಿನಿಂದ ಆ ಕೊರತೆ ತುಂಬುವ ಮಾತೇ ಇಲ್ಲ. ಆಚೆ ಕಣಿವೆಗೆ ಹೋದ ಎಲೆಕ್ಟ್ರಾನ್ ವಾಪಸ್ ಬಂದರೆ ಮಾತ್ರ ಬೆಳಕು ಹೊರಗೆ ಬರಲು ಸಾಧ್ಯ. ವಾಪಸ್ ತರುವವರು ಯಾರು? ಎರಡು ದಾರಿ. ಒಂದು, ಎದುರು ದಿಕ್ಕಿನ ಇನ್ನೊಂದು ಫೋನಾನ್ ಹುಟ್ಟಬೇಕು. ಆಗ ಎರಡು ಫೋನಾನಿನ ಶಕ್ತಿ ಹೋಗುತ್ತದೆ, ಅದೇ 2ಡಿ ಪೀಕ್. ಅದಕ್ಕೇ ಅದು ಡಿಯ ಸುಮಾರು ಎರಡರಷ್ಟು ದೂರದಲ್ಲಿ ಇರುತ್ತದೆ, ಅದಕ್ಕೇ ಅದಕ್ಕೆ ಅಂಚಿನ ಹಂಗಿಲ್ಲ. ಇನ್ನೊಂದು ದಾರಿ, ಎಲೆಕ್ಟ್ರಾನ್ ಏನಾದರೊಂದಕ್ಕೆ ಡಿಕ್ಕಿ ಹೊಡೆದು ತಿರುಗಬೇಕು. ಒಂದು ಪರಮಾಣು ಬಿಟ್ಟುಹೋದ ಖಾಲಿ ಜಾಗ ಆಗಬಹುದು. ಅಂಚೂ ಆಗಬಹುದು.

ಡಿ ಪೀಕಿನ ಈ ವಿವರಣೆಯನ್ನು 2000ದಲ್ಲಿ ಕ್ರಿಸ್ಟಿಯನ್ ಥಾಮ್ಸನ್ ಮತ್ತು ಸ್ಟೆಫನಿ ರೈಶ್ ಕೊಟ್ಟರು, ಗ್ರಾಫೈಟ್ ವಿಷಯದಲ್ಲಿ. ಲೇಸರಿನ ಬಣ್ಣ ಬದಲಿಸಿದರೆ ಡಿ ಪೀಕ್ ಯಾಕೆ ಜಾಗ ಬದಲಿಸುತ್ತದೆ ಅನ್ನುವುದು ಅದಕ್ಕೂ ಮೊದಲು ಬಹಳ ಕಾಲ ಕಾಡಿದ ಪ್ರಶ್ನೆ. ಒಂದು ಎಲೆಕ್ಟ್ರಾನ್‌ವೋಲ್ಟ್ ಶಕ್ತಿ ಹೆಚ್ಚಿದರೆ ಸುಮಾರು 50 ವೇವ್‌ನಂಬರ್ ಮೇಲೆ ಸರಿಯುತ್ತದೆ. ಲೇಸರ್ ಬದಲಾದರೆ ಬೇರೆ ಸಂವೇಗದ ಎಲೆಕ್ಟ್ರಾನ್ ಆಯ್ಕೆಯಾಗುತ್ತದೆ, ಅದಕ್ಕೆ ತಕ್ಕ ಬೇರೆ ಫೋನಾನ್ ಬೇಕಾಗುತ್ತದೆ. ಅಷ್ಟೇ.

ಈಗ ನನಗೆ ತುಂಬ ಇಷ್ಟವಾದ ಭಾಗ. ಜೇನುಗೂಡಿನ ಜಾಲವನ್ನು ನೇರವಾಗಿ ಕತ್ತರಿಸಿದರೆ ಎರಡು ಮುಖ್ಯ ಥರದ ಅಂಚು ಸಿಗುತ್ತವೆ. ಒಂದು ಹಲ್ಲುಹಲ್ಲಾಗಿ ಹೋಗುವ ಜಿಗ್‌ಜಾಗ್. ಇನ್ನೊಂದು ಕೈಯಿರುವ ಕುರ್ಚಿಗಳ ಸಾಲಿನ ಹಾಗೆ ಕಾಣುವ ಆರ್ಮ್‌ಚೇರ್. ಎರಡರ ದಿಕ್ಕಿಗೂ 30 ಡಿಗ್ರಿ ವ್ಯತ್ಯಾಸ. ಅಂಚು ತನಗೆ ಅಡ್ಡವಾಗಿ ಮಾತ್ರ ಸಂವೇಗ ಕೊಡಬಲ್ಲದು ಅಂದೆ. ಆರ್ಮ್‌ಚೇರ್ ಅಂಚಿಗೆ ಅಡ್ಡವಾಗಿ ನೋಡಿದರೆ ಕೆ ಮತ್ತು ಕೆ-ಪ್ರೈಮ್ ಒಂದೇ ಗೆರೆಯಲ್ಲಿ ಇವೆ. ಹಾಗಾಗಿ ಅಂಚಿಗೆ ಬಡಿದ ಎಲೆಕ್ಟ್ರಾನ್ ಆ ಕಣಿವೆಯಿಂದ ಈ ಕಣಿವೆಗೆ ಹಾರಬಲ್ಲದು. ಜಿಗ್‌ಜಾಗ್ ಅಂಚಿಗೆ ಅಡ್ಡವಾಗಿ ನೋಡಿದರೆ ಆ ಎರಡು ಒಂದೇ ಗೆರೆಗೆ ಬರುವುದಿಲ್ಲ. ಎಲೆಕ್ಟ್ರಾನ್ ಬಡಿದು ವಾಪಸ್ ಬರುತ್ತದೆ, ಆದರೆ ಅದೇ ಕಣಿವೆಯಲ್ಲಿ ಉಳಿಯುತ್ತದೆ. ಫಲಿತಾಂಶ: ಆರ್ಮ್‌ಚೇರ್ ಅಂಚಿನಲ್ಲಿ ಡಿ ಪೀಕ್ ಜೋರು, ಪರಿಪೂರ್ಣ ಜಿಗ್‌ಜಾಗ್ ಅಂಚಿನಲ್ಲಿ ಡಿ ಇಲ್ಲ. ಅರ್ಧ ಮೈಕ್ರಾನಿಗಿಂತ ದೊಡ್ಡ ಬೆಳಕಿನ ಚುಕ್ಕೆ ಇಟ್ಟುಕೊಂಡು, ನ್ಯಾನೋಮೀಟರಿಗಿಂತ ಚಿಕ್ಕ ಪರಮಾಣುಗಳು ಅಂಚಿನಲ್ಲಿ ಯಾವ ಸಾಲಿನಲ್ಲಿ ಕೂತಿವೆ ಅಂತ ಹೇಳಬಹುದು! 2004ರಲ್ಲಿ ಲೂಯಿಜ್ ಗುಸ್ತಾವೊ ಕಾನ್ಸಾಡೊ ಮತ್ತು ಜೊತೆಗಾರರು ಇದನ್ನು ಗ್ರಾಫೈಟ್ ಅಂಚಿನಲ್ಲಿ ತೋರಿಸಿದರು. ಸುಮಾರು 1620ರ ಹತ್ತಿರ ಡಿ-ಪ್ರೈಮ್ ಅನ್ನುವ ಇನ್ನೊಂದು ಚಿಕ್ಕ ಪೀಕ್ ಇದೆ. ಅದಕ್ಕೆ ಕಣಿವೆ ದಾಟುವ ಅಗತ್ಯ ಇಲ್ಲ, ಹಾಗಾಗಿ ಅದು ಎರಡೂ ಥರದ ಅಂಚಿನಲ್ಲಿ ಬರುತ್ತದೆ. ಡಿ ಇಲ್ಲದೆ ಡಿ-ಪ್ರೈಮ್ ಮಾತ್ರ ಕಂಡರೆ ಅದು ಜಿಗ್‌ಜಾಗ್ ಇರಬಹುದು ಅಂತ ಕಿವಿ ನಿಮಿರಬೇಕು.

ಟೇಪಿನಿಂದ ಸುಲಿದ ಚೂರುಗಳಲ್ಲಿ ಒಂದು ಸುಲಭದ ಕೆಲಸ ಮಾಡಬಹುದು. ಎರಡು ನೇರ ಅಂಚು ಸೇರುವ ಮೂಲೆ ಹುಡುಕಿ. ಮೂಲೆಯ ಕೋನ 30 ಅಥವಾ 90 ಡಿಗ್ರಿ ಇದ್ದರೆ ಒಂದು ಅಂಚು ಒಂದು ಥರ, ಇನ್ನೊಂದು ಇನ್ನೊಂದು ಥರ ಇರುವ ಸಾಧ್ಯತೆ. 60 ಅಥವಾ 120 ಇದ್ದರೆ ಎರಡೂ ಒಂದೇ ಥರ. ಮೂಲೆಯ ಎರಡೂ ಕಡೆ ಡಿ ಪೀಕ್ ಎಲ್ಲಿ ಎಷ್ಟಿದೆ ಅನ್ನುವ ನಕ್ಷೆ ತೆಗೆದರೆ, 90 ಡಿಗ್ರಿಯ ಮೂಲೆಯಲ್ಲಿ ಒಂದು ಅಂಚು ಬೆಳಗಿ ಇನ್ನೊಂದು ಮಂಕಾಗಿ ಕಾಣುವುದನ್ನು ಕೆಲವು ಚೂರುಗಳಲ್ಲಿ ಚೆನ್ನಾಗಿ ನೋಡಬಹುದು.

ಆದರೆ ಇದನ್ನು ಮಾಡುವಾಗ ಲೇಸರಿನ ಧ್ರುವೀಕರಣ, ಅಂದರೆ ಅದರ ವಿದ್ಯುತ್ ಕ್ಷೇತ್ರದ ಅಲುಗಾಟ, ಯಾವ ದಿಕ್ಕಿನಲ್ಲಿದೆ ಅಂತ ನೋಡಲೇಬೇಕು. ಇಲ್ಲದಿದ್ದರೆ ನಕ್ಷೆಗೆ ಅರ್ಥವೇ ಇಲ್ಲ. ಬೆಳಕಿನ ವಿದ್ಯುತ್ ಕ್ಷೇತ್ರ ಅಂಚಿನ ಉದ್ದಕ್ಕೆ ಇದ್ದಾಗ ಡಿ ಅತಿ ಹೆಚ್ಚು. ಅಂಚಿಗೆ ಅಡ್ಡವಾಗಿದ್ದಾಗ ಅತಿ ಕಡಿಮೆ. ಇದರ ಕಾರಣ ಎಷ್ಟು ಚೆಂದ ನೋಡಿ. ಗ್ರಾಫೀನಿನಲ್ಲಿ ಬೆಳಕು ಎಬ್ಬಿಸುವ ಎಲೆಕ್ಟ್ರಾನ್‌ಗಳಲ್ಲಿ ಹೆಚ್ಚಿನವು ಕ್ಷೇತ್ರಕ್ಕೆ ಅಡ್ಡ ದಿಕ್ಕಿನಲ್ಲಿ ಓಡುತ್ತವೆ. ಕ್ಷೇತ್ರ ಅಂಚಿನ ಉದ್ದಕ್ಕಿದ್ದರೆ ಎಲೆಕ್ಟ್ರಾನ್ ನೇರ ಅಂಚಿಗೆ ಹೋಗಿ ಬಡಿಯುತ್ತದೆ, ಬಂದ ದಾರಿಯಲ್ಲೇ ವಾಪಸ್ ಬರುತ್ತದೆ, ತಾನು ಬಿಟ್ಟುಬಂದ ಖಾಲಿ ಜಾಗವನ್ನು ಸೇರಿ ಬೆಳಕಾಗುತ್ತದೆ. ಕ್ಷೇತ್ರ ಅಡ್ಡವಾಗಿದ್ದರೆ ಅವು ಅಂಚಿನ ಪಕ್ಕದಲ್ಲೇ ಅದಕ್ಕೆ ಸಮಾನಾಂತರವಾಗಿ ಓಡಿಹೋಗುತ್ತವೆ, ಬಡಿಯುವುದೇ ಇಲ್ಲ. ಅಂಚು ನಿಜವಾಗಿ ನೇರವಾಗಿದ್ದರೆ ಅಡ್ಡ ದಿಕ್ಕಿನಲ್ಲಿ ಡಿ ಸೊನ್ನೆಯ ಹತ್ತಿರ ಇಳಿಯಬೇಕು. ಇಳಿಯದಿದ್ದರೆ ಅಂಚು ಒರಟಾಗಿದೆ, ಒಂದು ತುಣುಕು ಆರ್ಮ್‌ಚೇರ್ ಒಂದು ತುಣುಕು ಜಿಗ್‌ಜಾಗ್ ಅಂತ ಬೆರೆತಿದೆ ಅಂತ ಅರ್ಥ. ಸಿಂಜಿಯಾ ಕಾಸಿರಾಗಿ ಮತ್ತು ಜೊತೆಗಾರರು 2009ರಲ್ಲಿ ಸುಲಿದ ಗ್ರಾಫೀನಿನ ಎಷ್ಟೋ ಅಂಚುಗಳನ್ನು ಹೀಗೆ ಅಳೆದು ನೋಡಿದಾಗ ಕಂಡದ್ದು ಇದನ್ನೇ: ಮೈಕ್ರೋಸ್ಕೋಪಿನಲ್ಲಿ ಗೆರೆ ಎಳೆದಷ್ಟು ನೇರ ಕಾಣುವ ಅಂಚೂ ಪರಮಾಣುಗಳ ಮಟ್ಟದಲ್ಲಿ ಬೆರಕೆಯಾಗಿರಬಹುದು. ಬರೀ ಕಣ್ಣಿನ ಅಂದಾಜಿನಲ್ಲಿ "ಇದು ಜಿಗ್‌ಜಾಗ್" ಅಂತ ತೀರ್ಪು ಕೊಡುವುದು ನನಗೆ ಸರಿ ಕಾಣುವುದಿಲ್ಲ.

ಅಂಚಿನ ಈ ಪ್ರಭಾವ ಒಳಗೆ ಎಷ್ಟು ದೂರ? ಕೆಲವೇ ನ್ಯಾನೋಮೀಟರ್. ನನ್ನ 0.9 ನ್ಯೂಮರಿಕಲ್ ಅಪರ್ಚರಿನ (ಲೆನ್ಸ್ ಎಷ್ಟು ಅಗಲದ ಕೋನದಿಂದ ಬೆಳಕು ಹಿಡಿಯುತ್ತದೆ ಅನ್ನುವ ಅಳತೆ) ಲೆನ್ಸಿನಲ್ಲಿ ಹಸಿರು ಲೇಸರಿನ ಚುಕ್ಕೆ ಸುಮಾರು 720 ನ್ಯಾನೋಮೀಟರ್ ಅಗಲ. ಡಿ ಹುಟ್ಟುವ ಪಟ್ಟಿ ಅದರ ನೂರರಲ್ಲಿ ಒಂದು ಪಾಲಿನಷ್ಟು. ಚುಕ್ಕೆಯನ್ನು ಅಂಚಿಗೆ ಅಡ್ಡವಾಗಿ ಚಿಕ್ಕ ಚಿಕ್ಕ ಹೆಜ್ಜೆಯಲ್ಲಿ ಸರಿಸುತ್ತ ಹೋದರೆ ಜಿ ಪೀಕಿನ ಎತ್ತರ ಮೆಟ್ಟಿಲು ಇಳಿದ ಹಾಗೆ ಇಳಿಯುತ್ತದೆ. ಚುಕ್ಕೆಯ ಅರ್ಧ ಮಾತ್ರ ಚೂರಿನ ಮೇಲಿದ್ದಾಗ ಜಿ ಸರಿಯಾಗಿ ಅರ್ಧ. ಅದೇ ಜಾಗದಲ್ಲಿ ಡಿ ಶಿಖರ ಮುಟ್ಟುತ್ತದೆ. ಜಿಯ ಇಳಿಜಾರು ಎಲ್ಲಿ ಎಷ್ಟು ಕಡಿದಾಗಿದೆ ಅಂತ ಲೆಕ್ಕ ಹಾಕಿ ಗ್ರಾಫ್ ಬಿಡಿಸಿದರೆ ಅದು ಡಿಯ ಗ್ರಾಫಿನ ಮೇಲೆ ಹಾಗೇ ಕೂರುತ್ತದೆ. ಡಿ ಬರುತ್ತಿರುವುದು ಹಾಳೆಯಿಂದಲ್ಲ, ಒಂದು ಗೆರೆಯಿಂದ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಲೇಸರ್ ಶಕ್ತಿ ಒಂದು ಮಿಲಿವಾಟಿಗಿಂತ ಕೆಳಗೇ ಇರಲಿ. ಜಾಸ್ತಿ ಮಾಡಿದರೆ ಚೂರು ಬಿಸಿಯಾಗಿ ಪೀಕುಗಳು ಜಾಗ ಬಿಡುತ್ತವೆ.

ಸರ್ ಸಿ. ವಿ. ರಾಮನ್ ಹೆಸರು ಕೇಳಿದರೆ ಎಲ್ಲರಿಗೂ ನೆನಪಾಗುವುದು 1928ರ ಫೆಬ್ರವರಿ 28, 1930ರ ನೊಬೆಲ್. ಆದರೆ ಅವರ ಮೊಟ್ಟಮೊದಲ ಪ್ರಬಂಧ ಬಂದದ್ದು 1906ರಲ್ಲಿ, ಫಿಲಾಸಫಿಕಲ್ ಮ್ಯಾಗಜೀನ್ ಪತ್ರಿಕೆಯಲ್ಲಿ. ಅದರ ವಿಷಯ, ಆಯತಾಕಾರದ ಕಂಡಿಯ ಮೇಲೆ ಬೆಳಕು ಓರೆಯಾಗಿ ಬಿದ್ದಾಗ ಮೂಡುವ ಪಟ್ಟೆಗಳು ಎರಡೂ ಕಡೆ ಒಂದೇ ಸಮ ಯಾಕಿಲ್ಲ ಅನ್ನುವುದು. ಹದಿಹರೆಯದ ವಿದ್ಯಾರ್ಥಿ ಆಗ ಅವರು. ಅಂಚಿನಲ್ಲಿ ಬೆಳಕು ಬಾಗುವುದನ್ನು ನೋಡಿ ಶುರುಮಾಡಿದವರು, ಬಣ್ಣ ಬದಲಾಗಿ ಚದುರುವ ಬೆಳಕನ್ನು ಕಂಡುಕೊಂಡರು. ಗ್ರಾಫೀನ್ ಅಂಚಿನಲ್ಲಿ ಈ ಎರಡೂ ಒಂದೇ ಲೆನ್ಸಿನ ಕೆಳಗೆ ಸಿಗುತ್ತವೆ. ಅವರು ಇದನ್ನು ನೋಡಬೇಕಿತ್ತು ಅಂತ ನನಗೆ ಎಷ್ಟೋ ಸಲ ಅನಿಸಿದೆ.

ಗ್ರಾಫೀನ್ ಬಿಟ್ಟು ಬೇರೆಯವು? ಮಾಲಿಬ್ಡಿನಮ್ ಡೈಸಲ್ಫೈಡ್ ಬಗ್ಗೆ ಸ್ವಲ್ಪ ಹೇಳಿ ಮುಂದೆ ಹೋಗುತ್ತೇನೆ. ಆವಿಯಿಂದ ಬೆಳೆಸಿದಾಗ ಅದು ಅಚ್ಚುಕಟ್ಟಾದ ತ್ರಿಕೋನಗಳಾಗಿ ಬೆಳೆಯುತ್ತದೆ. ಅದರ ಒಂದು ಪದರಕ್ಕೆ ಇನ್‌ಫ್ರಾರೆಡ್ ಲೇಸರ್ ಬಿಟ್ಟರೆ ಎರಡರಷ್ಟು ಆವರ್ತನದ ಬೆಳಕು ಹೊರಗೆ ಬರುತ್ತದೆ. ಜಾಲದ ಸಮ್ಮಿತಿ ಅದಕ್ಕೆ ಅವಕಾಶ ಕೊಡುತ್ತದೆ. ಸಹಜವಾಗಿ ಪೇರಿಸಿದ ಎರಡು ಪದರಕ್ಕೆ ಆ ಅವಕಾಶ ಇಲ್ಲ. 2014ರಲ್ಲಿ ಸಯನ್ಸ್ ಪತ್ರಿಕೆಯಲ್ಲಿ ಬಂದ ಒಂದು ಕೆಲಸದಲ್ಲಿ, ತಕ್ಕ ಅಲೆಯುದ್ದದ ಲೇಸರ್ ಆರಿಸಿಕೊಂಡರೆ ಹಾಳೆಯ ಅಂಚು ಮಾತ್ರ ಹೀಗೆ ಜೋರಾಗಿ ಬೆಳಗುವುದನ್ನು ತೋರಿಸಿದರು. ಅಂಚಿನ ಪರಮಾಣುಗಳಲ್ಲಿ ಎಲೆಕ್ಟ್ರಾನ್‌ಗಳಿಗೆ ನಡುಭಾಗದಲ್ಲಿ ಇಲ್ಲದ ಮಟ್ಟಗಳು ಇರುವುದೇ ಕಾರಣ. ಇಲ್ಲಿ ಸಂವೇಗಕ್ಕಿಂತ ಅಂಚಿನ ಎಲೆಕ್ಟ್ರಾನ್ ರಚನೆಯದ್ದೇ ಮಾತು. ಹಾಗಾಗಿ ಈ ಬರಹದ ದಾರಿಯಿಂದ ಸ್ವಲ್ಪ ಆಚೆ.

ಪ್ಲಾಸ್ಮಾನ್ ವಿಷಯ ಮಾತ್ರ ಬಿಡುವ ಹಾಗಿಲ್ಲ. ಗ್ರಾಫೀನಿನ ಎಲೆಕ್ಟ್ರಾನ್‌ಗಳು ಒಟ್ಟಾಗಿ ಅಲೆಯೆದ್ದು ಬೆಳಕಿನ ಜೊತೆ ಬೆರೆತು ಹಾಳೆಯ ಮೇಲೆ ಹರಿಯುವುದಕ್ಕೆ ಪ್ಲಾಸ್ಮಾನ್ ಅನ್ನುತ್ತಾರೆ. ಸುಮಾರು 11 ಮೈಕ್ರಾನ್ ಅಲೆಯುದ್ದದ ಇನ್‌ಫ್ರಾರೆಡ್ ಬೆಳಕು ಪ್ಲಾಸ್ಮಾನ್ ಆದಾಗ ಅದರ ಅಲೆಯುದ್ದ 200 ರಿಂದ 300 ನ್ಯಾನೋಮೀಟರಿಗೆ ಕುಗ್ಗುತ್ತದೆ. ಅಲೆಯುದ್ದ ಕುಗ್ಗಿತು ಅಂದರೆ ಸಂವೇಗ ಹೆಚ್ಚಿತು. ಹಾಗಾಗಿ ನಡುಭಾಗದ ಮೇಲೆ ಸುಮ್ನೆ ಬೆಳಕು ಬಿಟ್ಟರೆ ಪ್ಲಾಸ್ಮಾನ್ ಹುಟ್ಟುವುದಿಲ್ಲ. ಅದೇ ಹಳೆಯ ಕಟ್ಟಳೆ. 2012ರಲ್ಲಿ ಎರಡು ತಂಡಗಳು ಒಟ್ಟಿಗೇ ನೇಚರ್ ಪತ್ರಿಕೆಯಲ್ಲಿ ಇದಕ್ಕೆ ದಾರಿ ತೋರಿಸಿದವು. ಲೋಹ ಹೊದಿಸಿದ ಚೂಪು ಸೂಜಿಯನ್ನು ಹಾಳೆಯ ಹತ್ತಿರ ಹಿಡಿದು ಅದರ ಮೇಲೆ ಬೆಳಕು ಬಿಟ್ಟರೆ, ಸೂಜಿಯ ತುದಿ ಬೇಕಾದ ಸಂವೇಗ ಒದಗಿಸುತ್ತದೆ. ಹುಟ್ಟಿದ ಪ್ಲಾಸ್ಮಾನ್ ಅಂಚಿಗೆ ಹೋಗಿ ಬಡಿದು ವಾಪಸ್ ಬಂದು ಹೊಸದರ ಜೊತೆ ಬೆರೆಯುತ್ತದೆ. ಸೂಜಿಯನ್ನು ಅಂಚಿನಿಂದ ದೂರ ಸರಿಸುತ್ತ ಚಿತ್ರ ತೆಗೆದರೆ, ಅಂಚಿಗೆ ಸಮಾನಾಂತರವಾಗಿ ಪಟ್ಟೆ ಪಟ್ಟೆ. ಹೋಗಿ ಬರುವ ಎರಡು ದಾರಿ ಸೇರುವುದರಿಂದ ಪಟ್ಟೆಗಳ ಅಂತರ ಪ್ಲಾಸ್ಮಾನಿನ ಅರ್ಧ ಅಲೆಯುದ್ದ. ಅಂಚು ಇಲ್ಲದಿದ್ದರೆ ಅಳೆಯಲು ಪಟ್ಟೆಯೇ ಇಲ್ಲ. ಬೋರಾನ್ ನೈಟ್ರೈಡಿನಲ್ಲಿ ಅಂಚು ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ಅಂಚು ತಾನೇ ಬೆಳಕಿನಿಂದ ಅಂಥ ಅಲೆಯನ್ನು ಹುಟ್ಟಿಸಿ ಕಳಿಸುತ್ತದೆ. ಆ ಪಟ್ಟೆಗಳ ಅಂತರ ಹೆಚ್ಚುಕಡಿಮೆ ಒಂದು ಪೂರ್ತಿ ಅಲೆಯುದ್ದ, ಯಾಕೆಂದರೆ ಇಲ್ಲಿ ದಾರಿ ಒಂದೇ. ಎರಡು ಥರದ ಪಟ್ಟೆ ಒಂದರ ಮೇಲೊಂದು ಕೂತ ಚಿತ್ರವನ್ನು ಬಿಡಿಸಿ ಓದುವುದು ತಾಳ್ಮೆಯ ಕೆಲಸ.

ಅಂಚನ್ನು ದೂರ ಇಡುವ ಅಭ್ಯಾಸ ಇನ್ನು ಜಾಸ್ತಿ ದಿನ ನಡೆಯುವುದೂ ಇಲ್ಲ. ಎಲೆಕ್ಟ್ರಾನಿಕ್ಸ್‌ನವರಿಗೆ ಬೇಕಿರುವುದು ಅಗಲದ ಹಾಳೆ ಅಲ್ಲ, ಸಣ್ಣ ಪಟ್ಟಿ. 10 ನ್ಯಾನೋಮೀಟರ್ ಅಗಲದ ಗ್ರಾಫೀನ್ ಪಟ್ಟಿಯಲ್ಲಿ ಎರಡೂ ಅಂಚಿನ ಪ್ರಭಾವ ಒಂದನ್ನೊಂದು ಮುಟ್ಟುವಷ್ಟು ಹತ್ತಿರ. "ನಡುವೆ ಅಳತೆ ತಗೋ" ಅನ್ನಲು ಅಲ್ಲಿ ನಡುವೇ ಇಲ್ಲ. 2010ರಲ್ಲಿ ಚಿನ್ನದ ಮೇಲೆ ಅಣುಗಳನ್ನು ಜೋಡಿಸಿ ಏಳೇ ಪರಮಾಣು ಸಾಲಿನ ಅಗಲದ ಪಟ್ಟಿಯನ್ನು ಬೆಳೆಸಿದರು. ಅಗಲ ಸುಮಾರು 0.74 ನ್ಯಾನೋಮೀಟರ್. ಎರಡೂ ಕಡೆ ಒಂದು ಪರಮಾಣುವೂ ತಪ್ಪದ ಆರ್ಮ್‌ಚೇರ್ ಅಂಚು. ಅದರ ರಾಮನ್ ಸ್ಪೆಕ್ಟ್ರಮ್ಮಿನಲ್ಲಿ 396 ವೇವ್‌ನಂಬರ್ ಹತ್ತಿರ ಒಂದು ಪೀಕ್ ಇದೆ, ದೊಡ್ಡ ಹಾಳೆಯಲ್ಲಿ ಎಲ್ಲೂ ಸಿಗದ್ದು. ಪಟ್ಟಿ ಅಡ್ಡಡ್ಡವಾಗಿ ಹಿಗ್ಗಿ ಕುಗ್ಗುವ ಕಂಪನ ಅದು. ಅಗಲ ಬದಲಾದರೆ ಪೀಕಿನ ಜಾಗವೂ ಬದಲಾಗುತ್ತದೆ. ಅಂದರೆ ಎರಡು ಅಂಚಿನ ನಡುವಿನ ದೂರವನ್ನು ಬೆಳಕಿನಿಂದಲೇ ಪರಮಾಣು ಲೆಕ್ಕದಲ್ಲಿ ಓದಬಹುದು.

ಹಾಗಾಗಿ ಹೊಸಬರಿಗೆ ನಾನು ಹೇಳುವುದು ಇಷ್ಟು. ನಡುಭಾಗದ ಅಳತೆ ತಗೊಳ್ಳಿ, ಬೇಡ ಅನ್ನುವುದಿಲ್ಲ. ಅದರ ಜೊತೆಗೆ ಪ್ರತಿ ಚೂರಿನಲ್ಲೂ ಕನಿಷ್ಠ ಒಂದು ನೇರ ಅಂಚಿನ ಮೇಲೆ ಎರಡು ಸ್ಪೆಕ್ಟ್ರಮ್ ತೆಗೆಯಿರಿ. ಒಂದು ಧ್ರುವೀಕರಣ ಅಂಚಿನ ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ. ಫೈಲಿನ ಹೆಸರಿನಲ್ಲೇ ಕೋನ ಬರೆದಿಡಿ, ಆಮೇಲೆ ನೆನಪಿನಿಂದ ಬರೆಯುತ್ತೇನೆ ಅಂತ ಬಿಡಬೇಡಿ. ಅಂಚಿನ ಚಿತ್ರವನ್ನು ಡಾರ್ಕ್ ಫೀಲ್ಡಿನಲ್ಲೂ ತೆಗೆದಿಡಿ. ಅಂಟು ಎಲ್ಲಿದೆ, ಅಂಚು ಎಲ್ಲಿದೆ ಅಂತ ಬೇರೆ ಮಾಡಿ ನೋಡಲು ಅದು ಬೇಕಾಗುತ್ತದೆ.